ಓದಲಾಗದು ಅಂದದ್ದು ಯಾರು?

ಎಕ್ಸ್‌ಟರ್ನಲ್ ಹಾರ್ಡ್ ಡಿಸ್ಕಿನಿಂದ ಫೈಲು ಕಾಪಿ ಮಾಡುವಾಗ ವಿಂಡೋಸ್ ಸಾಮಾನ್ಯವಾಗಿ ಎರಡು ಬಗೆಯಲ್ಲಿ ಗೊಣಗುತ್ತದೆ. ಒಂದು, ‘ಡೇಟಾ ಎರರ್, ಸೈಕ್ಲಿಕ್ ರಿಡಂಡನ್ಸಿ ಚೆಕ್’. ಇದರ ಸಂಖ್ಯೆ 23. ಇನ್ನೊಂದು ‘ಐ/ಓ ಡಿವೈಸ್ ಎರರ್’, ಸಂಖ್ಯೆ 1117. ನೋಡಿದವರಿಗೆ ಎರಡರ ಅರ್ಥವೂ ಒಂದೇ: ಡಿಸ್ಕ್ ಹೋಯ್ತು. ಮುಂದಿನದ್ದೂ ಎಲ್ಲರಿಗೂ ಬಾಯಿಪಾಠ. ಎಳೆದು ಮತ್ತೆ ಸಿಕ್ಕಿಸು, ವಿಂಡೋಸಿನ ತಪಾಸಣೆ ಪ್ರೋಗ್ರಾಂ ಚೆಕ್‌ಡಿಸ್ಕ್ ಓಡಿಸು, ಆಗದಿದ್ದರೆ ಫಾರ್ಮ್ಯಾಟ್ ಹೊಡಿ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಅನ್ನುವ ಗಾದೆ ಈ ಕೆಲಸಕ್ಕೇ ಹುಟ್ಟಿದ ಹಾಗಿದೆ. ಇಲ್ಲಂತೂ ಬರೆ ಬಿದ್ದ ಮೇಲೆ ಎಮ್ಮೆಯೂ ಉಳಿಯುವುದಿಲ್ಲ.

ಲ್ಯಾಪ್‌ಟಾಪ್ ಒಳಗಿನ ಡಿಸ್ಕಿಗಿಂತ ಹೊರಗಿನ ಡಿಸ್ಕಿನ ರೋಗಪತ್ತೆ ಕಷ್ಟವಾಗುವುದು ನಡುವೆ ಮಧ್ಯವರ್ತಿಗಳು ಜಾಸ್ತಿ ಇರುವುದರಿಂದ. ಡಿಸ್ಕಿನೊಳಗೆ ತಿರುಗುವ ತಟ್ಟೆಯ ಮೇಲಿನ ಬಿಟ್ಟುಗಳನ್ನು ಅದರ ಮೇಲೆ ಓಡಾಡುವ ಹೆಡ್ ಓದಿ ಡ್ರೈವಿನ ಬೋರ್ಡಿಗೆ ಕೊಡುತ್ತದೆ. ಬೋರ್ಡು ಸಾಟಾ ಭಾಷೆಯಲ್ಲಿ ಬ್ರಿಡ್ಜ್ ಚಿಪ್ಪಿಗೆ ಒಪ್ಪಿಸುತ್ತದೆ. ಬ್ರಿಡ್ಜ್ ಅದನ್ನು ಯುಎಸ್‌ಬಿಗೆ ತರ್ಜುಮೆ ಮಾಡುತ್ತದೆ. ಆಮೇಲೆ ಸಾಕೆಟ್, ಕೇಬಲ್, ಕಂಪ್ಯೂಟರಿನ ಪೋರ್ಟು, ಡ್ರೈವರ್, ಕೊನೆಗೆ ಯಾವ ಫೈಲು ಎಲ್ಲಿದೆ ಅನ್ನುವ ಲೆಕ್ಕ ಇಡುವ ಫೈಲ್ ಸಿಸ್ಟಮ್. ‘ಓದಲಾಗದು’ ಅನ್ನುವ ಮಾತು ಇವರಲ್ಲಿ ಯಾರಿಂದ ಬೇಕಾದರೂ ಹೊರಟಿರಬಹುದು, ಪರದೆಗೆ ಬರುವಷ್ಟರಲ್ಲಿ ಎಲ್ಲರ ದನಿಯೂ ಒಂದೇ ಆಗಿರುತ್ತದೆ. ಮೊದಲು ಹೇಳಿದವರು ಯಾರು ಅಂತ ಹಿಡಿದರೆ ಅರ್ಧ ಕೆಲಸ ಮುಗಿಯಿತು. ಅಲ್ಲಿಯವರೆಗೆ ಡಿಸ್ಕಿಗೆ ಒಂದು ಬೈಟೂ ಬರೆಯದೆ ಇರುವುದು ಉಳಿದರ್ಧ.

ಬರೆಯಬಾರದು ಯಾಕೆ ಅನ್ನುವುದಕ್ಕೆ ಸೆಕ್ಟರಿನ, ಅಂದರೆ ಡಿಸ್ಕು ಒಮ್ಮೆಗೆ ಓದಿ ಬರೆಯುವ ತುಣುಕಿನ, ಒಳಗೆ ಇಣುಕಬೇಕು. ಈಗಿನ ಡ್ರೈವುಗಳಲ್ಲಿ ಒಂದು ಭೌತಿಕ ಸೆಕ್ಟರ್ ಅಂದರೆ 4096 ಬೈಟು, ಅದರ ಬೆನ್ನಿಗೆ ಸುಮಾರು 100 ಬೈಟಿನಷ್ಟು ತಿದ್ದುಪಡಿ ಸಂಕೇತ. ಓದುವಾಗ ಸಣ್ಣಪುಟ್ಟ ತಪ್ಪು ಬರುವುದು ದಿನನಿತ್ಯದ ಸಂಗತಿ, ಈ ಸಂಕೇತ ಅದನ್ನು ಸದ್ದಿಲ್ಲದೆ ಸರಿಪಡಿಸುತ್ತದೆ. ತಪ್ಪು ಅದರ ಕೈಮೀರಿದಾಗ ಡ್ರೈವ್ ಮತ್ತೆ ಮತ್ತೆ ಓದುತ್ತದೆ, ಹೆಡ್ಡನ್ನು ಕೂದಲೆಳೆಯಷ್ಟು ಆಚೀಚೆ ಸರಿಸಿ ನೋಡುತ್ತದೆ. ಆಗಲೂ ಲೆಕ್ಕ ಕೂಡದಿದ್ದರೆ ಊಹೆಯ ಡೇಟಾ ಕೊಡುವುದಿಲ್ಲ, ಆಗುವುದಿಲ್ಲ ಅಂತ ಕೈಯೆತ್ತುತ್ತದೆ. ಆ ಸೆಕ್ಟರನ್ನು ‘ಪೆಂಡಿಂಗ್’ ಅಂತ ಗುರುತು ಹಾಕಿಕೊಂಡು ಕಾಯುತ್ತದೆ. ಕಾಯುವುದು ಹೊಸ ಬರಹಕ್ಕೆ. ಅದೇ ಜಾಗಕ್ಕೆ ಯಾರಾದರೂ ಹೊಸದಾಗಿ ಬರೆದರೆ ಹಳೆಯದರ ಚಿಂತೆ ತೀರಿತು. ಬರೆದದ್ದು ಸರಿಯಾಗಿ ನಿಂತರೆ ಗುರುತು ಅಳಿಸುತ್ತದೆ, ನಿಲ್ಲದಿದ್ದರೆ ಮೀಸಲು ಜಾಗದ ಸೆಕ್ಟರಿಗೆ ವಿಳಾಸ ಬದಲಿಸುತ್ತದೆ. ಎರಡರಲ್ಲಿ ಯಾವುದೇ ಆದರೂ ನಿಮ್ಮ ಹಳೆಯ ಡೇಟಾ ಅಲ್ಲಿಗೆ ಮುಗಿಯಿತು. ‘ಬ್ಯಾಡ್ ಸೆಕ್ಟರ್ ರಿಪೇರಿ’ ಅಂತ ಹೆಸರಿಟ್ಟುಕೊಂಡ ಎಷ್ಟೋ ಸಾಫ್ಟ್‌ವೇರುಗಳು ಮಾಡುವ ಪವಾಡ ಇಷ್ಟೆ: ಸೊನ್ನೆ ಬರೆಯುವುದು. ಡಿಸ್ಕು ಚೊಕ್ಕಟ, ಫೋಟೊದ ನಡುವೆ ತೂತು.

ಚೆಕ್‌ಡಿಸ್ಕಿನ ‘ಆರ್’ ಆಯ್ಕೆಯ ಮೇಲಿನ ನಂಬಿಕೆಯನ್ನೂ ಇಲ್ಲೇ ಬಿಡಿಸಬೇಕು. ಅದು ಪ್ರತಿ ಕ್ಲಸ್ಟರನ್ನೂ (ಫೈಲ್ ಸಿಸ್ಟಮ್ ಜಾಗ ಹಂಚುವ ತುಣುಕು) ಓದುತ್ತದೆ, ಅಂದರೆ ನಿತ್ರಾಣವಾಗಿರುವ ಹೆಡ್ಡಿನಿಂದ ಖಾಲಿ ಜಾಗವನ್ನೂ ಉಳುಮೆ ಮಾಡಿಸುತ್ತದೆ. ಫೋಲ್ಡರಿನ ದಾಖಲೆ ಓದಲಾಗದಿದ್ದರೆ ಅದರೊಳಗಿನ ಫೈಲುಗಳನ್ನು ಅನಾಥವೆಂದು ತೀರ್ಮಾನಿಸಿ ‘ಫೌಂಡ್’ ಹೆಸರಿನ ಫೋಲ್ಡರಿಗೆ ತುಂಬುತ್ತದೆ. ಫೈಲ್ ಸಿಸ್ಟಮ್ ಕೆಟ್ಟಿದ್ದಾಗ ಅದು ಒಳ್ಳೆಯ ವೈದ್ಯನೇ. ಆದರೆ ತಟ್ಟೆ ಕೆಟ್ಟಿದ್ದಾಗ ಅವನನ್ನು ಕರೆಸಬಾರದು.

ಕೆಟ್ಟಿರುವುದು ಫೈಲ್ ಸಿಸ್ಟಮ್ ಮಾತ್ರವೇ ಅನ್ನುವುದನ್ನು ಬೇಗ ತಿಳಿಯಬಹುದು. ‘ಬಳಸುವ ಮುನ್ನ ಫಾರ್ಮ್ಯಾಟ್ ಮಾಡಿ’ ಅಂತ ಕೇಳುತ್ತಿದೆ, ಆದರೆ ಡಿಸ್ಕಿನ ಅಳತೆ ಸರಿಯಾಗಿ ಕಾಣುತ್ತಿದೆ, ಸದ್ದು ಮಾಮೂಲಿ, ಯಾವ ಸೆಕ್ಟರ್ ಕೇಳಿದರೂ ತಕ್ಷಣ ಕೊಡುತ್ತಿದೆ ಅಂದರೆ ಅದು ಓದುವ ದೋಷವೇ ಅಲ್ಲ. ಎಕ್ಸ್‌ಫ್ಯಾಟ್ ಅನ್ನುವ ಫೈಲ್ ಸಿಸ್ಟಮ್‌ನಲ್ಲಿ ಜರ್ನಲ್, ಅಂದರೆ ಮಾಡಲಿರುವ ಬದಲಾವಣೆಯನ್ನು ಮೊದಲೇ ಬರೆದಿಡುವ ದಿನಚರಿ, ಇಲ್ಲ. ಬರೆಯುತ್ತಿರುವಾಗ ಕೇಬಲ್ ಕಿತ್ತರೆ ಹೀಗಾಗುವುದು ಸಾಮಾನ್ಯ.

ಇನ್ನು ದೂರುದಾರನನ್ನು ಹುಡುಕುವ ಕೆಲಸ. ವಿಂಡೋಸ್‌ನಲ್ಲಿ ಈವೆಂಟ್ ವ್ಯೂವರ್ ತೆರೆದು ‘ಸಿಸ್ಟಮ್’ ಲಾಗ್‌ನಲ್ಲಿ ‘ಡಿಸ್ಕ್’ ಮೂಲದ ಸಾಲುಗಳನ್ನು ನೋಡಿ. ಸಂಖ್ಯೆ 7 ಅಂದರೆ ಡ್ರೈವೇ ಬ್ಯಾಡ್ ಬ್ಲಾಕ್ ಅಂತ ಒಪ್ಪಿಕೊಂಡಿದೆ. 11 ಕಂಟ್ರೋಲರ್ ದೋಷ, 153 ಕೇಳಿದ್ದನ್ನೇ ಮತ್ತೆ ಕೇಳಬೇಕಾಯಿತು, 157 ಡಿಸ್ಕು ಹೇಳದೆ ಕೇಳದೆ ಮಾಯವಾಯಿತು. ಲಿನಕ್ಸ್‌ನಲ್ಲಿ ಲಾಗ್ ತೋರಿಸುವ ಡಿಮೆಸೇಜ್ (dmesg) ಆಜ್ಞೆ ಇನ್ನೂ ಬಾಯಿಬಿಟ್ಟು ಹೇಳುತ್ತದೆ. ‘ಮೀಡಿಯಂ ಎರರ್’, ಅದರ ಕೆಳಗೆ ‘ಅನ್‌ರಿಕವರ್ಡ್ ರೀಡ್ ಎರರ್’ ಮತ್ತು ಒಂದು ಸೆಕ್ಟರ್ ಸಂಖ್ಯೆ ಇದ್ದರೆ ಮಾತು ತಟ್ಟೆಯ ಕಡೆಯಿಂದ ಬಂದದ್ದು. ‘ರೀಸೆಟ್ ಸೂಪರ್‌ಸ್ಪೀಡ್ ಯುಎಸ್‌ಬಿ ಡಿವೈಸ್’, ‘ಎರರ್ ಮೈನಸ್ 71’, ‘ಯುಎಸ್‌ಬಿ ಡಿಸ್‌ಕನೆಕ್ಟ್’ ಕಂಡರೆ ಮಾತು ದಾರಿಯ ಕಡೆಯದು. 71 ಅಂದರೆ ಯುಎಸ್‌ಬಿ ಮಾತುಕತೆಯೇ ಮುರಿದುಬಿದ್ದಿದೆ, 110 ಅಂದರೆ ಕಾದು ಕಾದು ಉತ್ತರ ಬರಲಿಲ್ಲ.

ಇಷ್ಟರಲ್ಲೇ ತೀರ್ಪು ಕೊಡಬೇಡಿ. ಈ ಎರಡು ರೋಗಗಳೂ ಒಂದರ ವೇಷ ಇನ್ನೊಂದು ಹಾಕುತ್ತವೆ, ಅನುಭವಿಗಳೂ ಎಡವುವುದು ಇಲ್ಲೇ. ಮನೆಬಳಕೆಯ ಡ್ರೈವ್ ಒಂದೇ ಕೆಟ್ಟ ಸೆಕ್ಟರಿನ ಮೇಲೆ ಹತ್ತಾರು ಸೆಕೆಂಡು ಹಟ ಹಿಡಿದು ಕೂರಬಲ್ಲದು. ಲಿನಕ್ಸ್ ಕಾಯುವುದು ಮಾಮೂಲಿಗೆ 30 ಸೆಕೆಂಡು. ಆ ಗಡುವು ಮೀರಿದರೆ, ಅಥವಾ ಅದಕ್ಕೂ ಮೊದಲೇ ಬ್ರಿಡ್ಜ್ ಚಿಪ್ಪಿನ ತಾಳ್ಮೆ ತೀರಿದರೆ, ಇಡೀ ಡಿಸ್ಕನ್ನು ರೀಸೆಟ್ ಮಾಡಲಾಗುತ್ತದೆ. ಆಗ ಲಾಗ್‌ನಲ್ಲಿ ಉಳಿಯುವುದು ರೀಸೆಟ್, ಡಿಸ್‌ಕನೆಕ್ಟ್ ಅಷ್ಟೇ. ನೋಡಿದವರು ಕೇಬಲ್ ಬದಲಿಸುತ್ತ ಕೂರುತ್ತಾರೆ. ತಿರುಗುಮುರುಗೂ ಆಗುತ್ತದೆ. ಬರೆಯುತ್ತಿರುವಾಗ ಸಡಿಲ ಕೇಬಲ್ಲಿನಿಂದ ವಿದ್ಯುತ್ ಕುಸಿದರೆ ಸೆಕ್ಟರ್ ಅರ್ಧಂಬರ್ಧ ಬರೆದು ನಿಲ್ಲಬಹುದು. ತಿದ್ದುಪಡಿ ಸಂಕೇತ ತಾಳೆಯಾಗದೆ ಅದು ಪೆಂಡಿಂಗ್ ಆಗುತ್ತದೆ. ತಟ್ಟೆಯಲ್ಲಿ ಗೀರೂ ಇಲ್ಲ, ಮಚ್ಚೆಯೂ ಇಲ್ಲ, ದೋಷ ಮಾತ್ರ ‘ಮೀಡಿಯಂ ಎರರ್’.

ವೇಷ ಕಳಚುವ ಸುಲಭದ ಪ್ರಶ್ನೆ ಒಂದೇ: ದೋಷ ಮತ್ತೆ ಅದೇ ವಿಳಾಸದಲ್ಲಿ ಬರುತ್ತದೆಯೇ? ಕೇಬಲ್ಲಿಗೆ ಸೆಕ್ಟರ್ ಸಂಖ್ಯೆ ಗೊತ್ತಿಲ್ಲ. ಅದು ಇವತ್ತು ಇಲ್ಲಿ, ನಾಳೆ ಅಲ್ಲಿ ಮುಗ್ಗರಿಸುತ್ತದೆ. ತಟ್ಟೆಯ ಗಾಯಕ್ಕೆ ವಿಳಾಸ ಬದಲಿಸಲು ಬರುವುದಿಲ್ಲ.

ಉದಾಹರಣೆಗೆ, ಲಾಗ್ ತೋರಿಸಿದ ಸೆಕ್ಟರ್ 1234567890 ಅಂತಿಟ್ಟುಕೊಳ್ಳಿ. ಲಿನಕ್ಸ್ ಈ ಲೆಕ್ಕವನ್ನು ಯಾವಾಗಲೂ 512 ಬೈಟಿನ ತುಣುಕುಗಳಲ್ಲೇ ಹೇಳುತ್ತದೆ. ಭೌತಿಕ ಸೆಕ್ಟರ್ ಅಂಥ ಎಂಟು ತುಣುಕುಗಳದ್ದು. ಎಂಟರಿಂದ ಭಾಗಿಸಿದರೆ 154320986, ಎರಡು ಶೇಷ. ಅಂದರೆ ನಿಜವಾದ ಕೆಟ್ಟ ಸೆಕ್ಟರ್ ಶುರುವಾಗುವುದು 1234567888ರಲ್ಲಿ. ಈಗ ಡಿಸ್ಕನ್ನು ತುಣುಕು ತುಣುಕಾಗಿ ಓದುವ ಡಿಡಿ (dd) ಆಜ್ಞೆಗೆ ಬ್ಲಾಕಿನ ಅಳತೆ 4096, ಸ್ಕಿಪ್ 154320986, ಕೌಂಟ್ 1 ಕೊಟ್ಟು ‘ಡೆವ್ ನಲ್’ಗೆ, ಅಂದರೆ ಬಂದದ್ದನ್ನೆಲ್ಲ ಬಿಸಾಡುವ ತೊಟ್ಟಿಗೆ, ಓದಿಸಿ. ‘ಐಫ್ಲ್ಯಾಗ್’ ಡೈರೆಕ್ಟ್ ಇರಲೇಬೇಕು. ಇಲ್ಲದಿದ್ದರೆ ಮೆಮೊರಿಯಲ್ಲಿರುವ ಹಳೆ ಪ್ರತಿಯನ್ನೇ ಕೊಟ್ಟು ಎಲ್ಲ ಸರಿಯಿದೆ ಅನ್ನಬಹುದು, ಅಥವಾ ಮುಂಗಡವಾಗಿ ಓದುವ ಚಟದಿಂದ ಪಕ್ಕದ ಸೆಕ್ಟರುಗಳನ್ನೂ ಕೆದಕಬಹುದು. ಒಮ್ಮೆ ಓದಿಸಿ, ಕೇಬಲ್ ಮತ್ತು ಪೋರ್ಟ್ ಎರಡನ್ನೂ ಬದಲಿಸಿ ಇನ್ನೊಮ್ಮೆ ಓದಿಸಿ. ಅಲ್ಲೇ ಅದೇ ದೋಷ ಬಂದರೆ ಅನುಮಾನಕ್ಕೆ ಜಾಗವಿಲ್ಲ. ಎರಡಕ್ಕಿಂತ ಹೆಚ್ಚು ಸಲ ಕೇಳುವುದು ಕ್ರೌರ್ಯ, ಕೆಟ್ಟ ಸೆಕ್ಟರಿನ ಮೇಲಿನ ಪ್ರತಿ ಪ್ರಯತ್ನವೂ ಹೆಡ್ಡಿನ ಆಯುಷ್ಯದಿಂದ ಕಳೆಯುತ್ತದೆ.

ಕೇಬಲ್ಲಿನ ಮೇಲೆ ಅನುಮಾನ ಬಂದವರು ಮೊದಲು ವೋಲ್ಟೇಜಿನ ಲೆಕ್ಕ ಹಾಕಬೇಕು, ಡೇಟಾದ್ದು ಆಮೇಲೆ. ಯುಎಸ್‌ಬಿ 2.0 ಪೋರ್ಟು ಕೊಡಬೇಕಾದ್ದು 500 ಮಿಲಿಆಂಪ್, 3.0 ಪೋರ್ಟು 900. ಎರಡೂವರೆ ಇಂಚಿನ ಡ್ರೈವ್ ಓಡಲು ಶುರು ಮಾಡುವ ಒಂದೆರಡು ಸೆಕೆಂಡು 1 ಆಂಪ್ ಹತ್ತಿರ ಎಳೆಯಬಹುದು. 28 ಗೇಜಿನ ತೆಳು ತಂತಿಯ ರೋಧ ಮೀಟರಿಗೆ ಸುಮಾರು 0.21 ಓಮ್. ಒಂದು ಮೀಟರ್ ಕೇಬಲ್ಲಿನಲ್ಲಿ ಹೋಗುವ ತಂತಿ, ಬರುವ ತಂತಿ ಸೇರಿ 0.42. ಒಂದು ಆಂಪ್ ಹರಿದಾಗ ಅಷ್ಟೇ ವೋಲ್ಟ್ ದಾರಿಯಲ್ಲೇ ಖರ್ಚಾಗಿ 5 ವೋಲ್ಟ್ ಇದ್ದದ್ದು ಡ್ರೈವಿಗೆ 4.6ಕ್ಕಿಂತ ಕೆಳಗೆ ಸಿಗುತ್ತದೆ. 24 ಗೇಜಿನ ದಪ್ಪ ತಂತಿಯಾದರೆ ನಷ್ಟ ಬರೀ 0.17. ಪೆಟ್ಟಿಗೆಯಲ್ಲಿ ಬರುವ ಕೇಬಲ್ ಯಾಕೆ ಮೊಳದುದ್ದ ಮಾತ್ರ ಇರುತ್ತದೆ ಅನ್ನುವುದಕ್ಕೆ ಇದೇ ಉತ್ತರ. ಅದನ್ನು ಕಳೆದುಕೊಂಡು ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಉದ್ದದ, ಅಗ್ಗದ ಕೇಬಲ್ ಕೊಂಡರೆ ಡ್ರೈವ್ ತಿರುಗಲು ಹೊರಟು, ಬಿದ್ದು, ಮತ್ತೆ ಹೊರಟು ‘ಟಿಕ್ ಟಿಕ್’ ಅನ್ನುತ್ತದೆ. ಕೇಳಿದವರು ಹೆಡ್ ಹೋಯ್ತು ಅಂತ ಎದೆ ಒಡೆದುಕೊಳ್ಳುತ್ತಾರೆ. ಡೆಸ್ಕ್‌ಟಾಪಿನ ಮುಂದಿನ ಪೋರ್ಟು, ಕರೆಂಟಿಲ್ಲದ ಹಬ್ಬು ಇವೂ ಅದೇ ಪಂಗಡ. ಹಿಂದಿನ ಪೋರ್ಟಿಗೆ ನೇರವಾಗಿ ಸಿಕ್ಕಿಸಿ ನೋಡಿ. ಮೂರೂವರೆ ಇಂಚಿನ ಡ್ರೈವಿಗಾದರೆ 12 ವೋಲ್ಟಿನ ಅಡಾಪ್ಟರ್ ಬದಲಿಸಿ ನೋಡಿ, ಹೊಸದರ ಆಂಪ್ ಹಳೆಯದಕ್ಕಿಂತ ಕಡಿಮೆ ಇರದಂತೆ.

ಪೋರ್ಟಬಲ್ ಡ್ರೈವಿನ ಚಪ್ಪಟೆಯಾದ, ನಡುವೆ ಗೀಟು ಬಿದ್ದಂತಿರುವ ಸಾಕೆಟ್ಟನ್ನು ಹತ್ತಿರದಿಂದ ನೋಡಿ. ಅದು ಎರಡು ಕೋಣೆಯ ಮನೆ. ಅಗಲವಾದ ಕೋಣೆ ಹಳೆಯ ಮೈಕ್ರೋ ಯುಎಸ್‌ಬಿ, ಐದು ಪಿನ್. ಪಕ್ಕದ ಸಣ್ಣ ಕೋಣೆಯಲ್ಲಿ ಸೂಪರ್‌ಸ್ಪೀಡಿನ ಇನ್ನೈದು. ಅಗಲದ ಕೋಣೆಗೆ ಹಳೆ ಆಂಡ್ರಾಯ್ಡ್ ಫೋನಿನ ಗಿಡ್ಡ, ದಪ್ಪ ಕೇಬಲ್ ಸಿಕ್ಕಿಸಿದರೆ ಡ್ರೈವ್ ಯುಎಸ್‌ಬಿ 2.0 ವೇಗದಲ್ಲಿ, ಸೆಕೆಂಡಿಗೆ ಸುಮಾರು 35 ಎಂಬಿಯಲ್ಲಿ ಓಡುತ್ತದೆ. ಬೇರೆಯವರ ಮಾತು ಬಿಡಿ, ಈ ಕ್ಷೇತ್ರದಲ್ಲಿ ಇದಕ್ಕಿಂತ ಅಗ್ಗದ ಪರೀಕ್ಷೆ ಇಲ್ಲ. ನಿಮಿಷಕ್ಕೊಮ್ಮೆ ಕಡಿದು ಬೀಳುತ್ತಿದ್ದ ಡ್ರೈವ್ ಈ ನಿಧಾನಗತಿಯಲ್ಲಿ ಗಂಟೆಗಟ್ಟಲೆ ನೆಟ್ಟಗೆ ಓಡಿದರೆ ತಪ್ಪು ಸಣ್ಣ ಕೋಣೆಯ ಪಿನ್ನುಗಳದ್ದು, ಕೇಬಲ್ಲಿನದ್ದು ಅಥವಾ ಯುಎಎಸ್ ಅನ್ನುವ ಹೊಸ ಪ್ರೋಟೋಕಾಲ್ ಜೊತೆ ಬ್ರಿಡ್ಜಿಗಿರುವ ಜಗಳದ್ದು. 1 ಟಿಬಿ ಇಳಿಸಿಕೊಳ್ಳಲು ಎಂಟು ಗಂಟೆ ಹಿಡಿಯುತ್ತದೆ, ಹಿಡಿಯಲಿ. ಕರಾವಳಿಯ ಮಳೆಗಾಲ ಕಂಡ ಸಾಕೆಟ್ಟುಗಳಲ್ಲಿ ಪಿನ್ನು ಕಪ್ಪಾಗಿರುವುದೂ ಉಂಟು. ಐಸೊಪ್ರೊಪೈಲ್ ಆಲ್ಕೋಹಾಲ್ ಎರಡು ಹನಿ ಹಾಕಿ ಮೆತ್ತಗೆ ಉಜ್ಜಿ, ಪೂರ್ತಿ ಆರಿದ ಮೇಲೆ ಸಿಕ್ಕಿಸಿ.

ಡ್ರೈವ್ ತನ್ನ ಆರೋಗ್ಯದ ಬಗ್ಗೆ ತಾನೇ ಬರೆದಿಟ್ಟುಕೊಳ್ಳುವ ಸ್ಮಾರ್ಟ್ ವರದಿಗೆ ಬರೋಣ. ವಿಂಡೋಸ್‌ನಲ್ಲಿ ಕ್ರಿಸ್ಟಲ್‌ಡಿಸ್ಕ್‌ಇನ್ಫೊ ಸಾಕು. ಅದು ಕಚ್ಚಾ ಸಂಖ್ಯೆಗಳನ್ನು ಹದಿನಾರರ ಲೆಕ್ಕದಲ್ಲಿ ತೋರಿಸುತ್ತದೆ, ಸೆಟ್ಟಿಂಗಿನಲ್ಲಿ ಹತ್ತರ ಲೆಕ್ಕಕ್ಕೆ ಬದಲಿಸಿಕೊಳ್ಳಿ. ‘10’ ಅಂತ ಕಂಡದ್ದು ನಿಜದಲ್ಲಿ 16 ಆಗಿರುತ್ತದೆ. ಲಿನಕ್ಸ್‌ನಲ್ಲಿ ಸ್ಮಾರ್ಟ್‌ಸಿಟಿಎಲ್, ಬ್ರಿಡ್ಜ್ ಅಡ್ಡ ಬಂದರೆ ‘ಡಿ’ ಆಯ್ಕೆಗೆ ‘ಸ್ಯಾಟ್’ ಅಂತ ಕೊಟ್ಟು ದಾಟಿಸಬೇಕು. ‘ಗುಡ್’, ‘ಪಾಸ್ಡ್’ ಅನ್ನುವ ಹಸಿರು ಮಾತನ್ನು ನಂಬಬೇಡಿ. ತಯಾರಕರು ಇಟ್ಟ ಮಿತಿಗಳು ಎಷ್ಟು ಸಡಿಲ ಅಂದರೆ ನೂರಾರು ಸೆಕ್ಟರ್ ಕಳೆದುಕೊಂಡ ಡ್ರೈವೂ ಪಾಸಾಗುತ್ತದೆ. ನೋಡಬೇಕಾದ್ದು ಕೆಲವೇ ಸಾಲು. 197, ಪೆಂಡಿಂಗ್ ಸೆಕ್ಟರುಗಳು. 5, ವಿಳಾಸ ಬದಲಾದವು. 198, ಡ್ರೈವ್ ತಾನೇ ಹುಡುಕಿ ಓದಲಾಗದೆ ಬಿಟ್ಟವು. 187 ಇದ್ದರೆ ಅದು ಕಂಪ್ಯೂಟರಿಗೆ ಒಪ್ಪಿಸಿಕೊಂಡ ಸೋಲುಗಳ ಎಣಿಕೆ. ಒಂದೇ ಭೌತಿಕ ಸೆಕ್ಟರ್ ಕೆಟ್ಟರೂ 197ರಲ್ಲಿ 8 ಅಂತ ತೋರಿಸುವ ಡ್ರೈವುಗಳಿವೆ, ಗಾಬರಿ ಬೇಡ. ಸೀಗೇಟ್ ಡ್ರೈವುಗಳಲ್ಲಿ 1 ಮತ್ತು 7ನೆಯ ಸಾಲಿನ ಕೋಟಿಗಟ್ಟಲೆ ಸಂಖ್ಯೆ ನೋಡಿಯೂ ಗಾಬರಿ ಬೇಡ. 7ನೆಯದರ ಬಹುಪಾಲು ಹೆಡ್ ಎಷ್ಟು ಸಲ ಓಡಾಡಿತು ಅನ್ನುವ ಎಣಿಕೆ, ತಪ್ಪಿನ ಎಣಿಕೆ ಇರುವುದು ಮೇಲಿನ ಹದಿನಾರು ಬಿಟ್ಟಿನಲ್ಲಿ.

199ನೆಯ ಸಾಲಿನ ಬಗ್ಗೆ ದೊಡ್ಡ ತಪ್ಪು ಕಲ್ಪನೆ ಓಡಾಡುತ್ತಿದೆ. ಇದು ಸಾಗುವ ದಾರಿಯಲ್ಲಿ ಡೇಟಾ ಕೆಟ್ಟದ್ದರ ಎಣಿಕೆ. ಸಿಆರ್‌ಸಿ ಎರರ್ ಅಂದರೆ ಕೇಬಲ್ ಅಂತ ಎಲ್ಲರೂ ಕಲಿತಿರುತ್ತಾರೆ. ಒಳಗಿನ ಡಿಸ್ಕಿಗೆ ಅದು ಸರಿ. ಹೊರಗಿನ ಡಿಸ್ಕಿನಲ್ಲಿ ಆ ಎಣಿಕೆ ಡ್ರೈವಿಗೂ ಬ್ರಿಡ್ಜಿಗೂ ನಡುವಿನ ಸಾಟಾ ಸಂಪರ್ಕದ್ದು. ನಿಮ್ಮ ಯುಎಸ್‌ಬಿ ಕೇಬಲ್ ಚಿಂದಿಯಾಗಿದ್ದರೂ 199 ಸೊನ್ನೆಯಲ್ಲೇ ನಿಂತಿರುತ್ತದೆ. ಏರುತ್ತಿದ್ದರೆ ಪೆಟ್ಟಿಗೆಯ ಒಳಗಿನ ಕನೆಕ್ಟರ್ ಸಡಿಲವಾಗಿದೆ.

ಕೇಬಲ್ಲೋ ತಟ್ಟೆಯೋ ಅನ್ನುವ ಜಗಳಕ್ಕೆ ಡ್ರೈವಿನ ದೀರ್ಘ ಸ್ವಯಂಪರೀಕ್ಷೆ ಒಳ್ಳೆಯ ಸಾಕ್ಷಿ. ಇದರಲ್ಲಿ ಡ್ರೈವ್ ತನ್ನನ್ನು ತಾನೇ ಮೊದಲಿಂದ ಕೊನೆಯವರೆಗೆ ಓದಿಕೊಳ್ಳುತ್ತದೆ, ಡೇಟಾ ಯುಎಸ್‌ಬಿ ದಾರಿಗೆ ಇಳಿಯುವುದೇ ಇಲ್ಲ. ಅಲ್ಲಿ ಫೇಲಾಗಿ ಒಂದು ಸೆಕ್ಟರ್ ಸಂಖ್ಯೆ ಬಂದರೆ ಡೇಟಾ ಸಾಗುವ ದಾರಿ ನಿರ್ದೋಷಿ. ಪರೀಕ್ಷೆ ಪಾಸಾಗಿಯೂ ಕಾಪಿ ಸೋಲುತ್ತಿದ್ದರೆ ದಾರಿಯೇ ಅಪರಾಧಿ. ಸರಾಸರಿ ಸೆಕೆಂಡಿಗೆ 100 ಎಂಬಿ ಲೆಕ್ಕದಲ್ಲಿ 1 ಟಿಬಿಗೆ ಎರಡೂ ಮುಕ್ಕಾಲು ಗಂಟೆ ಬೇಕು. ತೊಡಕು ಏನೆಂದರೆ, ಯುಎಸ್‌ಬಿಯಲ್ಲಿ ಸದ್ದಿಲ್ಲ ಅಂತ ಬ್ರಿಡ್ಜ್ ಹತ್ತು ಹದಿನೈದು ನಿಮಿಷಕ್ಕೆ ಡ್ರೈವನ್ನು ಮಲಗಿಸಿಬಿಡುತ್ತದೆ, ಪರೀಕ್ಷೆ ‘ಅಬಾರ್ಟೆಡ್ ಬೈ ಹೋಸ್ಟ್’ ಅಂತ ನಿಲ್ಲುತ್ತದೆ. ನಿಮಿಷಕ್ಕೊಮ್ಮೆ ಸ್ಮಾರ್ಟ್ ವರದಿ ಕೇಳುತ್ತಿದ್ದರೆ ನಿದ್ದೆ ಬರುವುದಿಲ್ಲ. ಇದೆಲ್ಲ ಬೇರೆಡೆ ಪ್ರತಿಯಿರುವ ಡಿಸ್ಕಿಗೆ. ಪ್ರತಿ ಇಲ್ಲದ, ಈಗಾಗಲೇ 197 ಏರಿರುವ ಡಿಸ್ಕಿಗೆ ಮೂರು ಗಂಟೆಯ ಪರೀಕ್ಷೆ ಕೊಡುವ ಬದಲು ಆ ಮೂರು ಗಂಟೆಯಲ್ಲಿ ಡೇಟಾ ಇಳಿಸಿಕೊಳ್ಳಬೇಕು.

ಇಳಿಸಿಕೊಳ್ಳಲು ಫೈಲು ಎಳೆದು ಹಾಕುವ ಮಾರ್ಗ ಸಲ್ಲದು. ಜಿಎನ್‌ಯು ಡಿಡಿರೆಸ್ಕ್ಯೂ ಬಳಸಿ. ಅದರ ಜಾಣತನ ಕ್ರಮದಲ್ಲಿದೆ: ಮೊದಲ ಸುತ್ತಿನಲ್ಲಿ ಸಲೀಸಾಗಿ ಬರುವುದನ್ನೆಲ್ಲ ಎತ್ತಿಕೊಂಡು, ತಡವರಿಸುವ ಜಾಗ ಕಂಡರೆ ಹಾರಿ ಮುಂದೆ ಹೋಗುತ್ತದೆ. ಊಟ ಬಡಿಸುವಾಗ ಗಟ್ಟಿ ತಳದಲ್ಲಿ ಸೌಟು ಕೆರೆಯದೆ ಮೇಲಿಂದ ತೆಗೆದ ಹಾಗೆ. ಮೊದಲ ಓಟಕ್ಕೆ ‘ಡಿ’ ಮತ್ತು ‘ಎನ್’ ಆಯ್ಕೆ. ಡಿ ಅಂದರೆ ನೇರ ಓದು, ಎನ್ ಅಂದರೆ ಕೆರೆಯುವುದು ಬೇಡ. ಅದಕ್ಕೆ ಕೊಡಬೇಕಾದ್ದು ಮೂಲ ಡಿಸ್ಕು, ಇಡೀ ಡಿಸ್ಕಿನ ನಕಲು ಕೂರುವ ಇಮೇಜ್ ಫೈಲು, ಮೂರನೆಯದಾಗಿ ಮ್ಯಾಪ್ ಫೈಲು. ಈ ಮೂರನೆಯದನ್ನು ಮರೆಯುವವರೇ ಹೆಚ್ಚು. ಎಲ್ಲಿಯವರೆಗೆ ಬಂತು, ಎಲ್ಲಿ ಬಿಟ್ಟಿತು ಅನ್ನುವ ಜಮಾಖರ್ಚು ಪುಸ್ತಕ ಅದು. ಕರೆಂಟು ಹೋದರೂ ಡ್ರೈವ್ ಕಡಿದರೂ ಅದಿದ್ದರೆ ನಿಂತಲ್ಲಿಂದ ಮುಂದುವರಿಯುತ್ತದೆ, ಇಲ್ಲದಿದ್ದರೆ ಮೊದಲಿಂದ. ಎರಡನೆಯ ಓಟದಲ್ಲಿ ಎನ್ ತೆಗೆದು ‘ಆರ್’ಗೆ 3 ಕೊಡಿ. ದೊಡ್ಡಕ್ಷರದ ‘ಆರ್’ ಕೊನೆಯಿಂದ ಮೊದಲಿನ ಕಡೆಗೆ ಓದಿಸುತ್ತದೆ, ಹಟಮಾರಿ ಅಂಚುಗಳಲ್ಲಿ ಕೆಲವೊಮ್ಮೆ ಅದೇ ಫಲ ಕೊಡುತ್ತದೆ. ಗುರಿ ಡಿಸ್ಕು ಮೂಲಕ್ಕಿಂತ ದೊಡ್ಡದಿರಲಿ. ಅದರಲ್ಲಿ ಫ್ಯಾಟ್32 ಬೇಡ, 4 ಜಿಬಿ ದಾಟಿದ ಫೈಲು ಅಲ್ಲಿ ಹಿಡಿಯುವುದಿಲ್ಲ. ಮೂಲ ಡಿಸ್ಕನ್ನು ಮೌಂಟ್ ಮಾಡಕೂಡದು (ಫೈಲುಗಳು ಕಾಣುವಂತೆ ತೆರೆಯಕೂಡದು), ಡೆಸ್ಕ್‌ಟಾಪ್ ತಾನಾಗಿಯೇ ಮೌಂಟ್ ಮಾಡುವುದನ್ನು ಮೊದಲೇ ಆಫ್ ಮಾಡಿ. ಡ್ರೈವಿನ ಕೆಳಗೆ ಗಾಳಿ ಆಡಲಿ. ಪ್ಲಾಸ್ಟಿಕ್ ಕವಚದೊಳಗೆ ಗಂಟೆಗಟ್ಟಲೆ ಓಡಿದರೆ 50 ಡಿಗ್ರಿ ದಾಟುತ್ತದೆ, ರಾಯಚೂರು ಕಲಬುರಗಿಯ ಏಪ್ರಿಲ್‌ನಲ್ಲಿ ಟೇಬಲ್ ಫ್ಯಾನಿಲ್ಲದೆ ಈ ಕೆಲಸಕ್ಕೆ ಕೈಹಾಕಬೇಡಿ.

ಕೊನೆಗೆ ನಾಲ್ಕಾರು ಸೆಕ್ಟರ್ ಉಳಿದೇ ಉಳಿಯುತ್ತವೆ. ಅವು ಯಾವ ಫೈಲಿನವು ಅಂತ ತಿಳಿಯುವುದು ಬರೀ ಕಳೆಯುವ, ಭಾಗಿಸುವ ಲೆಕ್ಕ. ವಿಭಾಗ (ಪಾರ್ಟಿಷನ್) 2048ನೆಯ ಸೆಕ್ಟರಿನಲ್ಲಿ ಶುರುವಾಗಿ ಕ್ಲಸ್ಟರ್ 4096 ಬೈಟಿನದಾದರೆ, ಮೇಲಿನ ಉದಾಹರಣೆಯ 1234567888ರಿಂದ 2048 ಕಳೆದು ಎಂಟರಿಂದ ಭಾಗಿಸಿ: 154320730. ಎನ್‌ಟಿಎಫ್‌ಎಸ್ ಆಗಿದ್ದರೆ ವಿಂಡೋಸಿನ ಎಫ್‌ಎಸ್‌ಯುಟಿಲ್‌ನ ‘ಕ್ವೆರಿಕ್ಲಸ್ಟರ್’ಗೆ ಈ ಸಂಖ್ಯೆ ಕೊಟ್ಟರೆ ಫೈಲಿನ ಹೆಸರು ಹೇಳುತ್ತದೆ. ಲಿನಕ್ಸಿನ ಎಕ್ಸ್‌ಟಿ4 ಆಗಿದ್ದರೆ ಡಿಬಗ್‌ಎಫ್‌ಎಸ್‌ನ ‘ಐಚೆಕ್’ಗೆ ಇದನ್ನು ಕೊಟ್ಟು, ಅದು ಹೇಳಿದ ಸಂಖ್ಯೆಯನ್ನು ‘ಎನ್‌ಚೆಕ್’ಗೆ ಕೊಟ್ಟರೆ ಹೆಸರು ಸಿಗುತ್ತದೆ. ರಾತ್ರಿಯಿಡೀ ನಡೆದ ಯಕ್ಷಗಾನದ ರೆಕಾರ್ಡಿಂಗಿನಲ್ಲಿ 4096 ಬೈಟು ಹೋದರೆ ಒಂದು ಕ್ಷಣ ಚಿತ್ರ ಕದಡಬಹುದು, ಅಷ್ಟೆ. ಅದೇ 4096 ಬೈಟು ಜಿಪ್ ಫೈಲಿನದ್ದಾದರೆ ಒಳಗಿನ ಒಂದು ಫೈಲಂತೂ ಕೈಬಿಟ್ಟಂತೆ.

ಪೆಟ್ಟಿಗೆ ಒಡೆದು ಡ್ರೈವನ್ನು ನೇರ ಸಾಟಾಗೆ ಜೋಡಿಸುವ ಉಪಾಯ ಎಲ್ಲರಿಗೂ ಹೊಳೆಯುತ್ತದೆ. ಒಡೆಯುವ ಮೊದಲು ಮೂರು ವಿಷಯ ಗೊತ್ತಿರಲಿ. ವೆಸ್ಟರ್ನ್ ಡಿಜಿಟಲ್‌ನ ಬಹಳಷ್ಟು ಪೋರ್ಟಬಲ್ ಡ್ರೈವುಗಳಲ್ಲಿ ಯುಎಸ್‌ಬಿ ಸಾಕೆಟ್ ಡ್ರೈವಿನ ಬೋರ್ಡಿಗೇ ಬೆಸೆದಿರುತ್ತದೆ, ಒಳಗೆ ಸಾಟಾ ಕನೆಕ್ಟರೇ ಇಲ್ಲ. ಮೈ ಪಾಸ್‌ಪೋರ್ಟ್ ಮಾದರಿಗಳಲ್ಲಿ ಹಲವು, ನೀವು ಪಾಸ್‌ವರ್ಡ್ ಇಡದಿದ್ದರೂ ಡೇಟಾವನ್ನು ಹಾರ್ಡ್‌ವೇರ್ ಮಟ್ಟದಲ್ಲೇ ಗೂಢಲಿಪಿಯಾಗಿಸುತ್ತವೆ, ಬ್ರಿಡ್ಜ್ ದಾಟಿ ಓದಿದರೆ ಸಿಗುವುದು ಕಸ. ಇನ್ನು ಕೆಲವು ಬ್ರಿಡ್ಜುಗಳು 2 ಟಿಬಿಗಿಂತ ದೊಡ್ಡ ಡಿಸ್ಕನ್ನು ಹಳೆಯ ವಿಂಡೋಸಿಗೆ ಕಾಣಿಸಲು 512ರ ಬದಲು 4096 ಬೈಟಿನ ಸೆಕ್ಟರ್ ಅಂತ ತೋರಿಸುತ್ತಿದ್ದವು. ಅಂಥದರಿಂದ ಹೊರತೆಗೆದ ಡಿಸ್ಕಿನಲ್ಲಿ ಡೇಟಾ ಎಲ್ಲ ಇದ್ದೂ ವಿಭಾಗ ಪಟ್ಟಿ ತಾಳೆಯಾಗದೆ ಖಾಲಿ ಅನ್ನಿಸುತ್ತದೆ. ಅಲ್ಲಿ ಫಾರ್ಮ್ಯಾಟ್ ಒತ್ತಿದವರಿದ್ದಾರೆ. ಇನ್ನು, ಸಂತೆ ಬೆಲೆಗೆ ಸಿಗುವ ‘16 ಟಿಬಿ’ ಪೋರ್ಟಬಲ್ ಎಸ್‌ಎಸ್‌ಡಿ ಕೈಗೆ ಬಂದರೆ ಈ ಪರೀಕ್ಷೆಗಳೆಲ್ಲ ವ್ಯರ್ಥ. ಒಳಗೆ ಒಂದು ಮೆಮೊರಿ ಕಾರ್ಡು ಇರುತ್ತದೆ, ನಿಜವಾದ ಅಳತೆ ದಾಟಿದ ಮೇಲೆ ಬರೆದದ್ದು ಮೊದಲಿಂದಲೂ ಇರಲಿಲ್ಲ.

ಸದ್ದು ಬಂದರೆ ಮೇಲಿನದ್ದೆಲ್ಲ ರದ್ದು. ಒಳ್ಳೆಯ ಕೇಬಲ್, ಒಳ್ಳೆಯ ಪೋರ್ಟಿನಲ್ಲೂ ಲಯಬದ್ಧವಾಗಿ ಟಕ್ ಟಕ್ ಅಂದರೆ ಹೆಡ್ ದಾರಿ ಹುಡುಕುತ್ತಿದೆ. ಬಿದ್ದ ಡ್ರೈವ್ ಸಣ್ಣಗೆ ಬೀಪ್ ಥರ ಅಂದು ತಿರುಗದೆ ನಿಂತರೆ ಹೆಡ್ ತಟ್ಟೆಗೆ ಅಂಟಿದೆ, ಮೋಟಾರು ಎಳೆದಾಡುತ್ತಿದೆ. ಕೆರೆಯುವ ಸದ್ದಾದರೆ ತಟ್ಟೆ ಪುಡಿಯಾಗುತ್ತಿದೆ. ಕಿತ್ತು ಪಕ್ಕಕ್ಕಿಡಿ, ಡೇಟಾ ಮುಖ್ಯವಾಗಿದ್ದರೆ ಕ್ಲೀನ್ ರೂಮ್ ಇರುವ ಲ್ಯಾಬಿಗೆ ಕೊಡಿ. ಫ್ರೀಜರಿನಲ್ಲಿಡುವುದು ತಟ್ಟೆಗೆ ಇಬ್ಬನಿ ಹಿಡಿಸುವ ಕೆಲಸ. ಇನ್ನೊಂದು ಡ್ರೈವಿನ ಬೋರ್ಡು ತಂದು ಹಾಕುವುದೂ ಸುಮ್ಮನೆ ನಡೆಯದು, ಪ್ರತಿ ಡ್ರೈವಿನ ಹೆಡ್ಡಿನ ಹೊಂದಾಣಿಕೆ ಲೆಕ್ಕ ಅದರ ಬೋರ್ಡಿನ ಪುಟ್ಟ ಆರ್‌ಓಎಂ (ರೀಡ್ ಓನ್ಲಿ ಮೆಮೊರಿ) ಚಿಪ್ಪಿನಲ್ಲಿರುತ್ತದೆ, ಅದನ್ನೂ ಕಿತ್ತು ಬೆಸೆಯಬೇಕು.

ಡೇಟಾ ಕೈಗೆ ಬಂದ ಮೇಲೆ ಉಳಿದ ಡಿಸ್ಕಿಗೆ ಮಾತ್ರ ಬರೆಯಿರಿ, ಮೊದಲಿಂದ ಕೊನೆಯವರೆಗೆ ಸೊನ್ನೆ. ಆಮೇಲೆ ದೀರ್ಘ ಪರೀಕ್ಷೆ. 197 ಸೊನ್ನೆಗಿಳಿದು 5 ಕೂಡ ಸೊನ್ನೆಯಲ್ಲೇ ನಿಂತರೆ ಅದು ವಿದ್ಯುತ್ ಕುಸಿತದ ಗಾಯವಾಗಿತ್ತು, ಒಳ್ಳೆ ಕೇಬಲ್ ಕೊಟ್ಟು ಸಿನಿಮಾ ಇಡಲು ಬಳಸಬಹುದು. 5 ಏರಿ, ವಾರ ಬಿಟ್ಟು ನೋಡಿದಾಗ ಇನ್ನೂ ಏರಿದ್ದರೆ ಮಾರಬೇಡಿ, ಯಾರಿಗೂ ಕೊಡಲೂ ಬೇಡಿ. ವಿಳಾಸ ಬದಲಾದ ಹಳೆ ಸೆಕ್ಟರುಗಳನ್ನು ನೀವು ಬರೆದ ಸೊನ್ನೆ ಮುಟ್ಟಿರುವುದಿಲ್ಲ, ಅವುಗಳಲ್ಲಿ ಏನಿತ್ತೋ ಅದು ಹಾಗೇ ಇರುತ್ತದೆ. ಎರಡೂವರೆ ಇಂಚಿನ ಡ್ರೈವುಗಳ ತಟ್ಟೆ ಸಾಮಾನ್ಯವಾಗಿ ಗಾಜಿನದು. ದಪ್ಪ ಗೋಣಿಚೀಲದಲ್ಲಿ ಸುತ್ತಿ ಸುತ್ತಿಗೆಯಿಂದ ಹೊಡೆಯಿರಿ, ಕಣ್ಣಿಗೆ ಕನ್ನಡಕ ಇರಲಿ.